ಶಿಸ್ತು ಶುರುವಾಗುವುದು ಗಲಾಟೆಗೆ ಮೊದಲೇ

ಮೇಷ್ಟ್ರು ಹೆಡ್‌ಮಾಸ್ತರರ ಕೋಣೆಗೆ ಹೋಗಬೇಕಾಗಿ ಬಂದರೆ ಕ್ಲಾಸ್ ಲೀಡರ್‌ಗೆ ಒಪ್ಪಿಸಿ ಹೋಗುವ ಕೆಲಸ ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಒಂದೇ: ಮಾತಾಡಿದವರ ಹೆಸರು ಬೋರ್ಡಿನ ಮೇಲೆ ಬರೆ. ಹೆಸರಿನ ಮುಂದೆ ಒಂದು ಗುಣಿಸು ಗುರುತು, ಮತ್ತೆ ಬಾಯಿ ಬಿಟ್ಟರೆ ಇನ್ನೊಂದು. ಮೇಷ್ಟ್ರು ಹಿಂದಿರುಗಿದ ಮೇಲೆ ಗುರುತಿನ ಲೆಕ್ಕದಲ್ಲಿ ಬಸ್ಕಿಯೋ ಬೆಂಚಿನ ಮೇಲೆ ನಿಲ್ಲುವುದೋ ಹಂಚಿಕೆಯಾಗುತ್ತದೆ. ಆ ಪಟ್ಟಿಯಲ್ಲಿ ಯಾರು ಗಲಾಟೆ ಮಾಡಿದರು ಎಂಬ ವಿವರವಿರುತ್ತದೆ. ಅಷ್ಟು ಹೊತ್ತು ಆ ಮಕ್ಕಳಿಗೆ ಮಾಡಲು ಏನು ಕೆಲಸವಿತ್ತು ಎಂಬ ವಿವರ ಇರುವುದಿಲ್ಲ. ತರಗತಿಯ ಶಿಸ್ತಿನ ಬಗ್ಗೆ ನಮ್ಮ ಚರ್ಚೆಯೂ ಹೆಚ್ಚುಕಡಿಮೆ ಹೀಗೆಯೇ ನಡೆಯುತ್ತದೆ. ಗಲಾಟೆ ಆದ ಮೇಲೆ ಹೊಡೆಯಬೇಕೋ ಬೈಯಬೇಕೋ, ಪೋಷಕರನ್ನು ಕರೆಸಬೇಕೋ, ಸುಮ್ಮನಿರಬೇಕೋ ಎಂದು ವಾದಿಸುತ್ತೇವೆ. ತರಗತಿಗಳನ್ನು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಹತ್ತಿರದಿಂದ ನೋಡಿದವರ ಸಂಶೋಧನೆ ಬೇರೆ ಕಡೆಗೆ ಬೆರಳು ತೋರಿಸುತ್ತದೆ. ತರಗತಿ ಹಿಡಿತದಲ್ಲಿರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುವುದು ಗಲಾಟೆಗೆ ಮೊದಲಿನ ನಿಮಿಷಗಳಲ್ಲಿ. ಅಂದರೆ ಶಿಸ್ತು ಪಾಠದ ಸಿದ್ಧತೆಯ ಒಂದು ಭಾಗ. ಶಿಕ್ಷೆಗೆ ಅದರಲ್ಲಿರುವ ಪಾಲು ನಾವು ಅಂದುಕೊಂಡಿರುವುದಕ್ಕಿಂತ ಬಹಳ ಚಿಕ್ಕದು.

ಈ ಮಾತನ್ನು ಈಗ ಆಡಬೇಕಾಗಿರುವುದಕ್ಕೆ ಕಾರಣವಿದೆ. 2007ರಲ್ಲಿ ಪ್ರಕಟವಾದ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಅಧ್ಯಯನ 13 ರಾಜ್ಯಗಳ ಮಕ್ಕಳನ್ನು ಮಾತಾಡಿಸಿತ್ತು. ಶಾಲೆಗೆ ಹೋಗುವ ಮೂವರಲ್ಲಿ ಇಬ್ಬರು ಮಕ್ಕಳು ತಾವು ಶಾಲೆಯಲ್ಲಿ ದೈಹಿಕ ಶಿಕ್ಷೆ ಅನುಭವಿಸಿದ್ದಾಗಿ ಅದರಲ್ಲಿ ಹೇಳಿದ್ದರು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು. ತಪ್ಪಿದವರ ಮೇಲೆ ಸೇವಾ ನಿಯಮಗಳ ಪ್ರಕಾರ ಕ್ರಮ ಎಂದೂ ಹೇಳಿತು. ಅದು ಸರಿಯಾದ ಕಾನೂನು. ಆದರೆ ಬೆತ್ತವನ್ನು ಕೆಳಗಿಡಿಸಿದಷ್ಟು ಗಟ್ಟಿಯಾಗಿ, ಅದರ ಬದಲು ಏನು ಮಾಡಬೇಕೆಂಬುದನ್ನು ಯಾರೂ ಶಿಕ್ಷಕರಿಗೆ ಕಲಿಸಲಿಲ್ಲ. ಸ್ಟಾಫ್ ರೂಮುಗಳಲ್ಲಿ ಕೇಳಿಬರುವ ‘ನಮ್ಮ ಕೈ ಕಟ್ಟಿಹಾಕಿದ್ದಾರೆ’ ಎಂಬ ದೂರು ಹುಟ್ಟಿದ್ದು ಈ ಖಾಲಿ ಜಾಗದಲ್ಲಿ. ಕೆಲವರು ಕದ್ದುಮುಚ್ಚಿ ಹಳೆಯ ದಾರಿ ಹಿಡಿದರು, ಕೆಲವರು ಏಟಿನ ಬದಲು ಮಾತಿನಲ್ಲಿ ಚುಚ್ಚತೊಡಗಿದರು, ಇನ್ನು ಕೆಲವರು ಕೊನೇ ಬೆಂಚಿನ ಕಡೆ ನೋಡುವುದನ್ನೇ ಬಿಟ್ಟರು. ಮೂರರಲ್ಲಿ ಯಾವುದೂ ಶಿಸ್ತಲ್ಲ.

ಗಲಾಟೆ ಎಂದರೆ ಯಾವುದು?

ಮೊದಲು ರೋಗವನ್ನು ಸರಿಯಾಗಿ ಗುರುತಿಸಬೇಕು. ವಿದ್ಯಾರ್ಥಿಗಳ ಅಶಿಸ್ತು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹೊಡೆದಾಟ, ಶಿಕ್ಷಕರ ಮೇಲೆ ಕೈ ಮಾಡುವುದು, ಪತ್ರಿಕೆಯಲ್ಲಿ ಸುದ್ದಿಯಾಗುವಂಥ ಘಟನೆಗಳು. ಇಂಗ್ಲೆಂಡಿನಲ್ಲೂ 1988ರ ಸುಮಾರಿಗೆ ಶಿಕ್ಷಕರ ಮೇಲಿನ ಹಲ್ಲೆಯ ಬಗ್ಗೆ ದೊಡ್ಡ ಆತಂಕ ಹಬ್ಬಿತ್ತು. ಸರ್ಕಾರ ಲಾರ್ಡ್ ಎಲ್ಟನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. 1989ರಲ್ಲಿ ಬಂದ ಅದರ ವರದಿ ಹೇಳಿದ್ದು ಬೇರೆಯೇ: ಹಲ್ಲೆಗಳು ಅಪರೂಪ. ಶಿಕ್ಷಕರನ್ನು ದಿನವೂ ಸುಸ್ತು ಮಾಡುವುದು ನಡುವೆ ಬಾಯಿ ಹಾಕುವುದು, ಪಕ್ಕದವರ ಕೆಲಸ ಕೆಡಿಸುವುದು, ಕೂತಲ್ಲಿ ಕೂರದೆ ಓಡಾಡುವುದು, ಕೊಟ್ಟ ಕೆಲಸ ಮುಟ್ಟದಿರುವುದು. ಅಂಥ ಸಣ್ಣಪುಟ್ಟ ಗದ್ದಲದಿಂದಲೇ ಮಕ್ಕಳು ದಿನಕ್ಕೆ ಒಂದು ಗಂಟೆಯವರೆಗೆ ಕಲಿಕೆ ಕಳೆದುಕೊಳ್ಳುತ್ತಿರಬಹುದು ಎಂದು ಅಲ್ಲಿನ ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ 2014ರಲ್ಲಿ ಅಂದಾಜಿಸಿತು. ಇದರ ಅರ್ಥ ಸ್ಪಷ್ಟ. ತರಗತಿಯನ್ನು ಹಾಳು ಮಾಡುವುದು ಅಪರೂಪದ ಒಬ್ಬ ಪುಂಡನಿಗಿಂತ ಹೆಚ್ಚಾಗಿ, ಪ್ರತಿ ಪಿರಿಯಡ್‌ನಲ್ಲೂ ಸೋರಿಹೋಗುವ ನಿಮಿಷಗಳು. ಹೊಡೆದಾಟಕ್ಕೆಂದು ಕಟ್ಟಿದ ಶಿಕ್ಷೆಯ ವ್ಯವಸ್ಥೆಯನ್ನು ಪಿಸುಮಾತಿನ ಮೇಲೆ ಪ್ರಯೋಗಿಸಿದರೆ ಪಿಸುಮಾತೂ ನಿಲ್ಲುವುದಿಲ್ಲ, ಪಾಠವೂ ಮುಂದೆ ಹೋಗುವುದಿಲ್ಲ.

ಈ ಸೋರಿಕೆ ಎಲ್ಲಿ ಆಗುತ್ತದೆ ಎಂಬುದನ್ನು ಮೊದಲು ಪಟ್ಟುಹಿಡಿದು ಹುಡುಕಿದವರು ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೌನಿನ್. ಅವರ ಆಸಕ್ತಿ ಆರಂಭದಲ್ಲಿ ಗದರಿಕೆಯ ಮೇಲೆಯೇ ಇತ್ತು. ಒಬ್ಬ ವಿದ್ಯಾರ್ಥಿಯನ್ನು ಗದರಿಸಿದರೆ ಅದರ ಪರಿಣಾಮ ಸುತ್ತಲಿನವರ ಮೇಲೂ ಆಗುತ್ತದಲ್ಲ, ಹಾಗಿದ್ದರೆ ಹೇಗೆ ಗದರಿಸಿದರೆ ಒಳ್ಳೆಯದು ಎಂಬುದು ಅವರ ಪ್ರಶ್ನೆ. ಅದಕ್ಕಾಗಿ ಪ್ರಾಥಮಿಕ ತರಗತಿಗಳಲ್ಲಿ ಕ್ಯಾಮೆರಾ ಇಟ್ಟು ಪಾಠಗಳನ್ನು ಚಿತ್ರೀಕರಿಸಿ, ಶಾಂತವಾಗಿ ನಡೆಯುವ ತರಗತಿಗಳನ್ನೂ ಕೈ ಮೀರಿದ ತರಗತಿಗಳನ್ನೂ ಹೋಲಿಸಿದರು. 1970ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಒಪ್ಪಿಕೊಂಡ ಫಲಿತಾಂಶ ಅವರಿಗೇ ಅನಿರೀಕ್ಷಿತ: ತಪ್ಪು ನಡೆದ ಮೇಲೆ ಶಿಕ್ಷಕರು ಹೇಗೆ ಗದರಿಸುತ್ತಾರೆ ಎಂಬುದಕ್ಕೂ ತರಗತಿಯ ಶಿಸ್ತಿಗೂ ಹೇಳಿಕೊಳ್ಳುವಂಥ ಸಂಬಂಧವಿರಲಿಲ್ಲ. ಗಟ್ಟಿಯಾಗಿ ಬೈದವರ ತರಗತಿಯೂ ಮೆಲ್ಲಗೆ ಹೇಳಿದವರ ತರಗತಿಯೂ ಆ ಕಾರಣಕ್ಕೆ ಬೇರೆಯಾಗಿರಲಿಲ್ಲ. ಬೇರೆಯಾಗಿದ್ದದ್ದು ತಪ್ಪಿಗೆ ಮೊದಲಿನ ನಡವಳಿಕೆ. ಒಳ್ಳೆಯ ಹಿಡಿತವಿದ್ದ ಶಿಕ್ಷಕರು ಬೋರ್ಡಿನ ಮೇಲೆ ಬರೆಯುವಾಗಲೂ ಮೈಯೆಲ್ಲ ಕಣ್ಣಾಗಿರುತ್ತಿದ್ದರು. ಕಿಡಿ ಹೊತ್ತುವ ಹಂತದಲ್ಲೇ ಒಂದು ನೋಟದಿಂದ, ನಾಲ್ಕು ಹೆಜ್ಜೆ ಆ ಕಡೆ ನಡೆದು ಅದನ್ನು ಆರಿಸುತ್ತಿದ್ದರು. ಒಬ್ಬರ ನೋಟ್‌ಬುಕ್ ತಿದ್ದುತ್ತಲೇ ಇನ್ನೊಬ್ಬರ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು. ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಬಿಡುತ್ತಿರಲಿಲ್ಲ. ಒಬ್ಬನನ್ನು ಎಬ್ಬಿಸಿ ಪ್ರಶ್ನೆ ಕೇಳುವಾಗ ಉಳಿದವರಿಗೂ ಉತ್ತರ ಯೋಚಿಸುವ ಹೊಣೆ ಇರುವಂತೆ ನೋಡಿಕೊಳ್ಳುತ್ತಿದ್ದರು.

ಬೈಗುಳದ ಮೇಲೆ ನಮಗೇಕೆ ಅಷ್ಟು ನಂಬಿಕೆ?

ಹಾಗಾದರೆ ಬೈದರೆ ತರಗತಿ ತಣ್ಣಗಾಗುವುದನ್ನು ನಾವು ಕಣ್ಣಾರೆ ನೋಡುತ್ತೇವಲ್ಲ ಎಂದು ಯಾರಾದರೂ ಕೇಳಬಹುದು. ನೋಡುವುದು ನಿಜ, ಮೋಸಹೋಗುವುದೂ ಅಲ್ಲಿಯೇ. ಗದರಿಸಿದ ತಕ್ಷಣ ಒಂದೆರಡು ನಿಮಿಷ ಸದ್ದಡಗುತ್ತದೆ. ಆ ಮೌನ ಗದರಿಸಿದವರಿಗೆ ಸಿಗುವ ಬಹುಮಾನ. ಆದ್ದರಿಂದ ಮುಂದಿನ ಸಲವೂ ಅವರು ಅದನ್ನೇ ಮಾಡುತ್ತಾರೆ. ನೊಬೆಲ್ ಪ್ರಶಸ್ತಿ ಪಡೆದ ಡೇನಿಯಲ್ ಕಾನೆಮನ್ ಇದರ ಇನ್ನೊಂದು ಮುಖವನ್ನು ಇಸ್ರೇಲಿನ ವಾಯುಪಡೆಯ ತರಬೇತುದಾರರಲ್ಲಿ ಕಂಡರು. ಚೆನ್ನಾಗಿ ವಿಮಾನ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನನ್ನು ಬೈದರೆ ಸುಧಾರಿಸುತ್ತಾನೆ ಎಂದು ಆ ತರಬೇತುದಾರರು ಅನುಭವದಿಂದ ನಂಬಿದ್ದರು. ಕಾನೆಮನ್ ತೋರಿಸಿಕೊಟ್ಟದ್ದು, ತೀರಾ ಒಳ್ಳೆಯ ಅಥವಾ ತೀರಾ ಕೆಟ್ಟ ಪ್ರದರ್ಶನದ ನಂತರ ಯಾರಾದರೂ ತಮ್ಮ ಸರಾಸರಿಯ ಕಡೆಗೇ ಮರಳುತ್ತಾರೆ, ಹೊಗಳಲಿ ಬೈಯಲಿ. ತರಗತಿಯಲ್ಲೂ ಶಿಕ್ಷಕರು ಸಿಟ್ಟಾಗುವುದು ಗದ್ದಲ ಶಿಖರಕ್ಕೇರಿದಾಗ. ಅಲ್ಲಿಂದ ಅದು ಇಳಿಯಲೇಬೇಕು. ಇಳಿದದ್ದರ ಕೀರ್ತಿ ಮಾತ್ರ ಬೈಗುಳಕ್ಕೆ ಸಲ್ಲುತ್ತದೆ.

ಬೈಗುಳ ಕೆಲವೊಮ್ಮೆ ಗಲಾಟೆಯನ್ನು ಸಾಕುತ್ತದೆ ಎಂಬುದಕ್ಕೂ ಪುರಾವೆ ಇದೆ. 1968ರಲ್ಲಿ ಚಾರ್ಲ್ಸ್ ಮ್ಯಾಡ್ಸನ್, ವೆಸ್ಲಿ ಬೆಕರ್ ಮತ್ತು ಸಂಗಡಿಗರು ಅಮೆರಿಕದ ಒಂದನೇ ತರಗತಿಯೊಂದರಲ್ಲಿ ಸರಳವಾದ ಪ್ರಯೋಗ ಮಾಡಿದರು. ಎದ್ದು ಓಡಾಡುವ ಮಕ್ಕಳಿಗೆ ‘ಕೂತುಕೋ’ ಎಂದು ಶಿಕ್ಷಕರು ಹೇಳುವುದನ್ನು ಹೆಚ್ಚಿಸಿದಾಗ ಎದ್ದು ಓಡಾಡುವವರೂ ಹೆಚ್ಚಾದರು. ಕೂತು ಕೆಲಸ ಮಾಡುತ್ತಿದ್ದವರನ್ನು ಮೆಚ್ಚಿದಾಗ ಓಡಾಟ ಕಡಿಮೆಯಾಯಿತು. ಅದೇ ತಂಡ ಅದೇ ವರ್ಷ ಮತ್ತೊಂದು ಅಧ್ಯಯನದಲ್ಲಿ ಬರೀ ನಿಯಮಗಳನ್ನು ಹೇಳಿ ಗೋಡೆಗೆ ಅಂಟಿಸುವುದರಿಂದ ಹೆಚ್ಚೇನೂ ಆಗುವುದಿಲ್ಲ, ಸಣ್ಣ ತಪ್ಪುಗಳನ್ನು ಕಂಡೂ ಕಾಣದಂತಿದ್ದು ಸರಿಯಾದದ್ದನ್ನು ಗುರುತಿಸಿ ಹೇಳಿದಾಗ ಆಗುತ್ತದೆ ಎಂದು ತೋರಿಸಿತು. ಕಾರಣ ಊಹಿಸುವುದು ಕಷ್ಟವಲ್ಲ. ಐವತ್ತು ಮಕ್ಕಳ ನಡುವೆ ಶಿಕ್ಷಕರ ಗಮನ ಬಹಳ ದುಬಾರಿ ವಸ್ತು. ಓದಿನಲ್ಲಿ ಅದನ್ನು ಗಳಿಸಲಾರದ ಹುಡುಗನಿಗೆ ಬೆಂಚಿನ ಕಾಲು ಒದ್ದರೆ ಅದು ಪುಕ್ಕಟೆ ಸಿಗುತ್ತದೆ, ಜತೆಗೆ ಇಡೀ ತರಗತಿಯ ನಗುವೂ ಸಿಗುತ್ತದೆ. ಮೆಚ್ಚುಗೆ ಎಂದರೆ ‘ಶಹಬ್ಬಾಸ್, ಜಾಣ’ ಎಂದು ಎಲ್ಲರಿಗೂ ಹಂಚುವುದಲ್ಲ. ‘ಬಂದ ಕೂಡಲೇ ಪುಸ್ತಕ ತೆಗೆದು ತಾರೀಖು ಬರೆದಿದ್ದೀಯ’ ಎಂದು ಮಾಡಿದ ಕೆಲಸವನ್ನು ಹೆಸರಿಸಿ ಹೇಳುವುದು. ಹದಿಹರೆಯದವರಿಗಾದರೆ ಎಲ್ಲರ ಮುಂದೆ ಹೊಗಳುವುದೇ ಮುಜುಗರ. ಅವರಿಗೆ ಪಕ್ಕದಲ್ಲಿ ಹಾದುಹೋಗುವಾಗ ಆಡಿದ ಒಂದು ಮಾತು ಸಾಕು.

ಮೊದಲಿನ ನಿಮಿಷಗಳಲ್ಲಿ ಏನು ಮಾಡಬಹುದು?

ಹೀಗೆ ನೋಡಿದರೆ ಶಿಸ್ತಿನ ಪ್ರಶ್ನೆ ಬಹಳ ಸಣ್ಣ, ಬಹಳ ಪ್ರಾಯೋಗಿಕ ಪ್ರಶ್ನೆಗಳಾಗಿ ಒಡೆಯುತ್ತದೆ. ಹಿಂದಿನ ಪಿರಿಯಡ್‌ನ ಬೆಲ್ ಹೊಡೆದು ಮುಂದಿನ ಶಿಕ್ಷಕರು ಬರುವವರೆಗೆ ಮಕ್ಕಳು ಏನು ಮಾಡುತ್ತಾರೆ? ಹಾಜರಿ ಕೂಗುವ ಹೊತ್ತಿನಲ್ಲಿ ತಮ್ಮ ಹೆಸರು ಮುಗಿದವರಿಗೆ ಕೆಲಸವೇನು? ತಿದ್ದಿದ ನೋಟ್‌ಬುಕ್ಕುಗಳನ್ನು ಹಂಚುವವರು ಯಾರು, ಎಷ್ಟು ಹೊತ್ತಿನಲ್ಲಿ? ಲೆಕ್ಕ ಬೇಗ ಮುಗಿಸಿದವರು ಮುಂದೇನು ಮಾಡಬೇಕು, ತಿಳಿಯದವರು ಯಾರನ್ನು ಕೇಳಬೇಕು? ಇವಕ್ಕೆ ಉತ್ತರವಿಲ್ಲದ ತರಗತಿಯಲ್ಲಿ ಖಾಲಿ ನಿಮಿಷಗಳನ್ನು ಮಕ್ಕಳೇ ತುಂಬುತ್ತಾರೆ. ಉತ್ತರವಿದ್ದರೂ ಅದನ್ನು ಜೂನ್ ತಿಂಗಳಲ್ಲಿ ಒಂದು ಸಲ ಹೇಳಿದರೆ ಸಾಲದು. ಪಾಠದ ಹಾಗೆಯೇ ಮಾಡಿ ತೋರಿಸಿ, ಮಾಡಿಸಿ, ರೂಢಿಯಾಗುವವರೆಗೆ ಪುನರಾವರ್ತಿಸಬೇಕು. ಶಿಕ್ಷಕರು ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಮಾತಾಡಿಸಿ ಒಳಗೆ ಬಿಟ್ಟುಕೊಳ್ಳುವುದರ ಬಗ್ಗೆ ಅಮೆರಿಕದ ಮಾಧ್ಯಮಿಕ ತರಗತಿಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. ಮಕ್ಕಳು ಪಾಠದಲ್ಲಿ ತೊಡಗಿದ್ದ ಸಮಯದ ಪಾಲು ಅದರಿಂದ ಶೇಕಡಾವಾರಿನಲ್ಲಿ 20 ಅಂಶ ಏರಿತು, ಗದ್ದಲದ ಪಾಲು 9 ಅಂಶ ಇಳಿಯಿತು. ಇದಕ್ಕೆ ಅನುದಾನವೂ ಬೇಡ, ಸುತ್ತೋಲೆಯೂ ಬೇಡ. ಕೂರಿಸುವ ಕ್ರಮವೂ ಅಷ್ಟೇ: ಒಬ್ಬೊಬ್ಬರೇ ಬರೆಯುವ ಕೆಲಸಕ್ಕೆ ಸಾಲು ಒಳ್ಳೆಯದು, ಚರ್ಚೆಗೆ ಗುಂಪು ಒಳ್ಳೆಯದು ಎಂಬುದು ಈ ವಿಷಯದ ಅಧ್ಯಯನಗಳ ಒಟ್ಟು ಸಾರ. ಎದುರುಬದುರು ಕೂರಿಸಿ ಮಾತಾಡಬೇಡಿ ಎಂದರೆ ತಪ್ಪು ಮಕ್ಕಳದ್ದಲ್ಲ.

ಕೆಲಸದ ಕಷ್ಟದ ಮಟ್ಟವೂ ಶಿಸ್ತಿನ ವಿಷಯವೇ. ಐದನೇ ತರಗತಿಯಲ್ಲಿ ಕೂತು ಎರಡನೇ ತರಗತಿಯ ಪಾಠ ಓದಲಾರದ ಮಗುವಿಗೆ ನಲವತ್ತು ನಿಮಿಷದ ಪಿರಿಯಡ್ ಎಂದರೆ ತಿಳಿಯದ ಭಾಷೆಯ ಭಾಷಣ. ಆ ಮಗು ಗಲಾಟೆ ಮಾಡುವುದಕ್ಕಿಂತ ಸುಮ್ಮನೆ ಕೂರುವುದೇ ಆಶ್ಚರ್ಯ. ಇದನ್ನು ಎದುರಿಸಿದ ಪ್ರಯತ್ನ ನಮ್ಮಲ್ಲೇ ಇದೆ. 1990ರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಪ್ರೇರಣೆ ಪಡೆದು ಶುರುವಾದ ನಲಿ-ಕಲಿ, 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆಲ್ಲ ವಿಸ್ತರಿಸಿತು. ಅಲ್ಲಿ ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲಿನಿಂದ ಮುಂದೆ ಹೋಗುತ್ತದೆ. ಕಾರ್ಡು ನೋಡಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ತನ್ನದು ಯಾವುದೆಂದು ತಾನೇ ಹುಡುಕಿಕೊಂಡು ಕೂರುತ್ತದೆ. ಆ ಕೋಣೆ ಮೌನವಾಗಿರುವುದಿಲ್ಲ, ಮೌನವಾಗಿರಲಿ ಎಂದು ಅದನ್ನು ರೂಪಿಸಿಯೂ ಇಲ್ಲ. ಆದರೆ ಯಾವ ಮಗುವಿಗೂ ಮಾಡಲು ಏನೂ ಇಲ್ಲದ ಹೊತ್ತು ಬರಬಾರದು ಎಂಬುದು ಅದರ ವಿನ್ಯಾಸದಲ್ಲೇ ಇದೆ. ಬೇರೆ ಬೇರೆ ತರಗತಿಯ ಮಕ್ಕಳನ್ನು ಒಟ್ಟಿಗೆ ನಿಭಾಯಿಸುವ ಹೊರೆ, ಕಾರ್ಡುಗಳ ನಿರ್ವಹಣೆ, ದಾಖಲೆ ಬರೆಯುವ ಶ್ರಮದ ಬಗ್ಗೆ ಶಿಕ್ಷಕರ ದೂರುಗಳು ನ್ಯಾಯವಾದವು. ಆದರೂ ಗದ್ದಲವನ್ನು ಶಿಕ್ಷೆಯಿಂದ ತಡೆಯುವ ಬದಲು ಕೆಲಸದ ಜೋಡಣೆಯಿಂದ ತಡೆಯಬಹುದು ಎಂಬ ಯೋಚನೆ ಹೊರಗಿನಿಂದ ತರಬೇಕಾದ್ದಲ್ಲ ಎಂಬುದನ್ನು ಅದು ತೋರಿಸುತ್ತದೆ. ಅದೇ ಯೋಚನೆ ನಲಿ-ಕಲಿ ಮುಗಿದು ನಾಲ್ಕನೇ ತರಗತಿಗೆ ಬಂದ ಕೂಡಲೇ ಏಕೆ ಮಾಯವಾಗಬೇಕು ಎಂಬುದು ಕೇಳಬೇಕಾದ ಪ್ರಶ್ನೆ.

ಆಕ್ಷೇಪಗಳು

ಮೊದಲ ಆಕ್ಷೇಪ ಬಹಳ ಪರಿಚಿತ: ನಾವೂ ಛಡಿ ಏಟು ತಿಂದೇ ಬೆಳೆದದ್ದು, ಏನು ಕೆಟ್ಟುಹೋದೆವು? ದಂಡಂ ದಶಗುಣಂ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಇಂದಿಗೂ ಎಷ್ಟೋ ತಂದೆತಾಯಂದಿರು ‘ನಾಲ್ಕು ಬಿಟ್ಟಾದರೂ ಬುದ್ಧಿ ಕಲಿಸಿ ಮೇಷ್ಟ್ರೇ’ ಎಂದು ಹೇಳಿಯೇ ಮಗುವನ್ನು ಬಿಟ್ಟು ಹೋಗುತ್ತಾರೆ. ಈ ವಾದದ ಲೆಕ್ಕದಲ್ಲಿ ಒಂದು ಕೊರತೆಯಿದೆ. ಏಟು ತಿಂದೂ ಓದಿ ಮುಂದೆ ಬಂದವರು ಮಾತಾಡುತ್ತಾರೆ. ಏಟಿಗೆ ಹೆದರಿ ಶಾಲೆ ಬಿಟ್ಟು ದನ ಕಾಯಲು, ಗ್ಯಾರೇಜಿಗೆ, ಕೂಲಿಗೆ ಹೋದವರನ್ನು ಯಾರೂ ಈ ಚರ್ಚೆಗೆ ಕರೆಯುವುದಿಲ್ಲ. ಅಂಕಿ ಅಂಶಗಳು ಹೇಳುವುದನ್ನೂ ನೋಡಬೇಕು. ಮನೆಯಲ್ಲಿ ಮಕ್ಕಳನ್ನು ಹೊಡೆಯುವುದರ ಬಗ್ಗೆ ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ, 1.6 ಲಕ್ಷ ಮಕ್ಕಳ ಮಾಹಿತಿಯನ್ನು ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ ವಿಶ್ಲೇಷಿಸಿದರು. ಏಟಿನಿಂದ ಮಕ್ಕಳು ಹೆಚ್ಚು ಮಾತು ಕೇಳುವವರಾಗುತ್ತಾರೆ ಎಂಬುದಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಆಕ್ರಮಣಶೀಲತೆ, ಸಮಾಜಕ್ಕೆ ಹೊಂದದ ವರ್ತನೆ ಮತ್ತು ಮಾನಸಿಕ ತೊಂದರೆಗಳ ಜತೆ ಸಂಬಂಧ ಕಂಡಿತು. ಅದು ಮನೆಯ ಏಟಿನ ಅಧ್ಯಯನ ಎಂಬುದು ನಿಜ. ಆದರೆ ಹೆತ್ತವರ ಕೈಯಲ್ಲೇ ಫಲ ಕೊಡದ ಉಪಾಯ, ಐವತ್ತು ಜನರ ಮುಂದೆ ಅವಮಾನವೂ ಸೇರಿದ ಮೇಲೆ ಫಲ ಕೊಡುತ್ತದೆ ಎಂದು ನಂಬಲು ಕಾರಣ ಕಾಣುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ಇದೆಲ್ಲ ಇಪ್ಪತ್ತೈದು ಮಕ್ಕಳ ವಿದೇಶಿ ತರಗತಿಯ ಮಾತು, ಒಂದೇ ಬೆಂಚಿನಲ್ಲಿ ಐವರು ಕೂರುವ ಕೋಣೆಯಲ್ಲಿ ನಡೆಯುತ್ತದೆಯೇ? ಸಂಖ್ಯೆ ದೊಡ್ಡದಾದಷ್ಟೂ ಕೆಲಸ ಕಷ್ಟ, ಅದನ್ನು ಅಲ್ಲಗಳೆಯಬಾರದು. ಆದರೆ ಸಂಖ್ಯೆ ದೊಡ್ಡದಾದಷ್ಟೂ ಮೊದಲು ಸೋಲುವುದು ಶಿಕ್ಷೆ. ಅರವತ್ತು ಜನರನ್ನು ಒಬ್ಬೊಬ್ಬರಾಗಿ ಹಿಡಿದು ದಂಡಿಸಲು ಯಾವ ಪಿರಿಯಡ್ ಸಾಕಾಗುತ್ತದೆ? ಆದ್ದರಿಂದ ದೊಡ್ಡ ತರಗತಿಗೇ ಇಡೀ ಗುಂಪನ್ನು ಒಟ್ಟಿಗೆ ನಡೆಸುವ ಉಪಾಯ ಬೇಕು. 1969ರಲ್ಲಿ ಅಮೆರಿಕದ ಕಾನ್ಸಸ್‌ನಲ್ಲಿ ನಾಲ್ಕನೇ ತರಗತಿಯೊಂದರಲ್ಲಿ ಪ್ರಯೋಗಿಸಿದ ‘ಒಳ್ಳೆಯ ನಡತೆಯ ಆಟ’ ಅಂಥದ್ದು. ತರಗತಿಯನ್ನು ಎರಡು ತಂಡ ಮಾಡಿ, ನಿಯಮ ಮುರಿದಾಗೆಲ್ಲ ಆ ತಂಡಕ್ಕೆ ಬೋರ್ಡಿನಲ್ಲಿ ಒಂದು ಗೆರೆ ಎಳೆದರು. ಗೆರೆ ಕಡಿಮೆ ಇದ್ದ ತಂಡ ಗೆಲ್ಲುತ್ತಿತ್ತು, ಎರಡೂ ಮಿತಿಯೊಳಗಿದ್ದರೆ ಎರಡೂ ಗೆಲ್ಲುತ್ತಿದ್ದವು. ಗದ್ದಲ ಬಹಳ ಇಳಿಯಿತು. ಆಟ ನಿಲ್ಲಿಸಿದಾಗ ಮತ್ತೆ ಏರಿತು. ಶೆಪರ್ಡ್ ಕೆಲ್ಲಮ್ ಮತ್ತು ಸಂಗಡಿಗರು 1980ರ ದಶಕದ ನಡುವಿನಲ್ಲಿ ಬಾಲ್ಟಿಮೋರ್‌ನ ಶಾಲೆಗಳಲ್ಲಿ ಇದನ್ನು ಒಂದನೇ ತರಗತಿಯಿಂದ ಆಡಿಸಿ, ಮಕ್ಕಳು ಯುವಕರಾಗುವವರೆಗೆ ಜಾಡು ಹಿಡಿದರು. ಚಿಕ್ಕಂದಿನಲ್ಲಿ ಹೆಚ್ಚು ಆಕ್ರಮಣಶೀಲರಾಗಿದ್ದ ಗಂಡುಮಕ್ಕಳಲ್ಲಿ ಮಾದಕ ವ್ಯಸನದಂಥ ತೊಂದರೆಗಳು, ಆಟ ಆಡದವರಿಗಿಂತ ಕಡಿಮೆ ಕಂಡುಬಂದವು. ಇದು ಲಂಚವಲ್ಲವೇ ಎನ್ನುವವರಿಗೆ ಉತ್ತರ: ಗೆದ್ದವರಿಗೆ ಸಿಗುವುದು ಹತ್ತು ನಿಮಿಷ ಹೆಚ್ಚಿನ ಆಟವೋ ಕತೆಯೋ ಆಗಿದ್ದರೆ ಸಾಕು, ರೂಢಿ ಬಲಿತ ಮೇಲೆ ಅದನ್ನೂ ಕಡಿಮೆ ಮಾಡಬಹುದು.

ಮೂರನೆಯದು: ಎಲ್ಲ ಮಾಡಿದರೂ ಬಗ್ಗದ ಒಂದಿಬ್ಬರು ಇದ್ದೇ ಇರುತ್ತಾರಲ್ಲ? ಇರುತ್ತಾರೆ. ಸಣ್ಣ ಗದ್ದಲಗಳು ತಗ್ಗಿದ ಮೇಲೆ ಮಾತ್ರ ಅವರು ನಿಜವಾಗಿ ಕಣ್ಣಿಗೆ ಬೀಳುತ್ತಾರೆ ಎಂಬುದೇ ಸಿದ್ಧತೆಯ ಇನ್ನೊಂದು ಲಾಭ. ಒಂದು ಕಡೆ ಕೂರಲಾರದ ಮಗುವಿಗೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ (ಎಡಿಎಚ್‌ಡಿ) ಇರಬಹುದು. ಜಗತ್ತಿನಾದ್ಯಂತ ಸುಮಾರು ಶೇ 5ರಷ್ಟು ಮಕ್ಕಳಲ್ಲಿ ಅದಿದೆ ಎಂಬುದು ಒಪ್ಪಿತ ಅಂದಾಜು. ಬೋರ್ಡು ನೋಡದೆ ಪಕ್ಕದವನ ಪುಸ್ತಕಕ್ಕೆ ಇಣುಕುವವಳಿಗೆ ಕನ್ನಡಕ ಬೇಕಿರಬಹುದು. ಕರೆದರೂ ಓಗೊಡದವನಿಗೆ ಕಿವಿ ಸೋರುತ್ತಿರಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗೆ ಬಂದಾಗ ತೂಕ, ಎತ್ತರದ ಜತೆಗೆ ಇಂಥ ಮಕ್ಕಳ ಹೆಸರನ್ನು ಶಿಕ್ಷಕರೇ ಮುಂದಿಡಬೇಕು. ಕಾಯಿಲೆ ಯಾವುದೂ ಇಲ್ಲದೆ ಬೇಕೆಂದೇ ಇನ್ನೊಬ್ಬರಿಗೆ ನೋವು ಮಾಡುವವರಿಗೆ ಪರಿಣಾಮ ಇರಲೇಬೇಕು. ಶಿಕ್ಷೆ ಬೇಡ ಎಂದರೆ ಏನು ಬೇಕಾದರೂ ಮಾಡಲಿ ಎಂದಲ್ಲ. ಆದರೆ ಆ ಪರಿಣಾಮ ಮೊದಲೇ ತಿಳಿಸಿದ್ದಾಗಿರಬೇಕು, ಸಣ್ಣದಾಗಿರಬೇಕು, ಶಿಕ್ಷಕರ ಮೂಡಿನ ಮೇಲೆ ಏರಿಳಿಯದೆ ಪ್ರತಿ ಸಲವೂ ಆಗಬೇಕು. ಕೆಡಿಸಿದ್ದನ್ನು ಸರಿಪಡಿಸುವುದು, ಕಳೆದ ಸಮಯದ ಕೆಲಸವನ್ನು ಮುಗಿಸಿಕೊಡುವುದು, ಜಾಗ ಬದಲಿಸುವುದು ಇವೆಲ್ಲ ಕಾನೂನಿನ ಒಳಗೇ ಇವೆ. ನೂರಕ್ಕೊಮ್ಮೆ ಬೀಳುವ ಜೋರು ಏಟಿಗಿಂತ ತಪ್ಪದೆ ಬರುವ ಸಣ್ಣ ಪರಿಣಾಮಕ್ಕೆ ಮಕ್ಕಳು ಹೆಚ್ಚು ಬೆಲೆ ಕೊಡುತ್ತಾರೆ.

ಕೊನೆಯದಾಗಿ, ಇದು ಎಲ್ಲ ತಪ್ಪನ್ನೂ ಶಿಕ್ಷಕರ ತಲೆಗೆ ಕಟ್ಟುವ ವಾದ ಎಂಬ ಅಸಮಾಧಾನ. ಶಿಸ್ತು ಕಲಿಯಬಹುದಾದ ಕೌಶಲ ಎನ್ನುವುದು ದೂಷಣೆಯಲ್ಲ, ನಿಜಕ್ಕೂ ಅದು ಬಿಡುಗಡೆ. ‘ಅವರಿಗೆ ಹಿಡಿತ ಇದೆ, ಇವರಿಗಿಲ್ಲ’ ಎಂದು ಹುಟ್ಟುಗುಣದಂತೆ ಮಾತಾಡಿದಾಗಲೇ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಅನ್ಯಾಯವಾಗುವುದು. ಕೌಶಲ ಎಂದು ಒಪ್ಪಿದ ಮೇಲೆ ಕಲಿಸುವ ಹೊಣೆ ವ್ಯವಸ್ಥೆಯ ಮೇಲೆ ಬೀಳುತ್ತದೆ. ಡಿ.ಎಲ್.ಎಡ್ ಮತ್ತು ಬಿ.ಎಡ್ ತರಬೇತಿಯಲ್ಲಿ ಪಾಠ ಯೋಜನೆಯ ಕಾಲಂಗಳನ್ನು ತುಂಬಿಸುವಷ್ಟೇ ಶ್ರದ್ಧೆಯಿಂದ, ಪಾಠದ ಮೊದಲ ಐದು ನಿಮಿಷವನ್ನು ನಿಭಾಯಿಸುವುದನ್ನು ಮಾಡಿಸಿ ತಿದ್ದಬೇಕು. ಶಿಕ್ಷಣ ಹಕ್ಕು ಕಾಯ್ದೆ ಕಿರಿಯ ಪ್ರಾಥಮಿಕದಲ್ಲಿ 30 ಮಕ್ಕಳಿಗೆ, ಹಿರಿಯ ಪ್ರಾಥಮಿಕದಲ್ಲಿ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಎನ್ನುತ್ತದೆ. ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಎಳೆಯಬಾರದು ಎಂದೂ ಹೇಳುತ್ತದೆ. 17ನೇ ಸೆಕ್ಷನ್ ತೋರಿಸಿ ಶಿಕ್ಷಕರನ್ನು ಪ್ರಶ್ನಿಸುವ ಇಲಾಖೆ ಅದೇ ಕಾಯ್ದೆಯ ಈ ಮಾತುಗಳಿಗೂ ಉತ್ತರ ಕೊಡಬೇಕು. ಶಾಲೆಗೆ ಬರುವ ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ), ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಅವರೂ ಕಾರಿಡಾರಿನಲ್ಲಿ ನಿಂತು ಸದ್ದಿದೆಯೋ ಇಲ್ಲವೋ ಎಂದು ಕಿವಿಗೊಡುವುದನ್ನು ಬಿಟ್ಟು, ಒಳಗೆ ಬಂದು ಕೊನೇ ಬೆಂಚಿನ ಮಗುವಿನ ಕೈಯಲ್ಲಿ ಆ ಕ್ಷಣ ಏನು ಕೆಲಸವಿದೆ ಎಂದು ನೋಡಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರು ಕೇಳಬೇಕಾದ್ದೂ ಅದನ್ನೇ. ಬೆತ್ತ ಹಿಡಿಯದ ಶಾಲೆಯನ್ನು ಕಾನೂನು 2010ರಲ್ಲೇ ಆಜ್ಞಾಪಿಸಿತು. ಬೆತ್ತದ ಅಗತ್ಯವೇ ಬಾರದ ಶಾಲೆಯನ್ನು ಆಜ್ಞೆಯಿಂದ ಕಟ್ಟಲು ಬರುವುದಿಲ್ಲ, ಅದಕ್ಕೆ ಶಿಕ್ಷಕರಿಗೆ ತರಬೇತಿಯೂ ಸಮಯವೂ ಬೇಕು.